ಕೋಳಿಗೂಡು ಮಾರಿ ಸೋಫಾ ತಂದ ಭಾವ

ಕಳೆದ ವಾರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬ ಅಂಗಡಿಗೆ ಬಂದು, ನಾನು ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆ ಬೈಕಿನ ಸೀಟೊಂದನ್ನು ತಂದಿಟ್ಟ. "ಅಕ್ಕ, ಇದಕ್ಕೊಂದು ಕವರ್ ಹೊಲ್ಕೊಡಿ, ಮೊದ್ಲು ನೀವು ಹೊಲೀತಿದ್ರಂತಲ್ಲ" ಎಂದ. ಮದುವೆಮನೆಯವರ ರೇಷ್ಮೆ ಬ್ಲೌಸ್ ಪೀಸಿನ ಪಕ್ಕದಲ್ಲಿ ಮಣ್ಣು ಗ್ರೀಸು ಹತ್ತಿದ ಸೀಟು! ನನಗೆ ಮೈಯೆಲ್ಲ ಉರಿದುಹೋಯಿತು. ಎತ್ತಿ ಹೊರಗಿಡೋಣವೆಂದು ಕೈ ಹಾಕಿದೆ, ಅಷ್ಟರಲ್ಲಿ ಮೂಗಿಗೆ ಬಂತು. ಬಿಸಿಲಿಗೆ ಕಾದ ರೆಕ್ಸಿನ್, ಹಳೆಯ ಗೋಂದು, ಅದರ ಅಡಿಯಲ್ಲೆಲ್ಲೋ ಒಂಚೂರು ಪೆಟ್ರೋಲು... ಕೈ ಅಲ್ಲೇ ನಿಂತಿತು. ಆತ ಏನೇನೋ ಹೇಳುತ್ತಿದ್ದ, ಬಣ್ಣ ಕಪ್ಪೇ ಇರಲಿ, ಫೋಮು ಸ್ವಲ್ಪ ದಪ್ಪ ಹಾಕಿ ಅಂತ. ನನಗೆ ಕೇಳಿಸುತ್ತಿದ್ದದ್ದು ಬೇರೆಯವರ ದನಿ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಟೈಲರಿಂಗ್ ಅಂಗಡಿ. ಊರಿನ ಅರ್ಧ ಹೆಂಗಸರ ಅಳತೆ ನನ್ನ ತಲೆಯಲ್ಲೇ ಇದೆ. ಇಂಥವಳಿಗೆ ಬೈಕಿನ ಸೀಟು ಹೊಲಿಯುವವಳೆಂಬ ಹೆಸರು ತಂದುಕೊಟ್ಟವರು ನನ್ನ ಭಾವ, ಅಕ್ಕನ ಗಂಡ. ಅದೇ ಬೀದಿಯ ತುದಿಯಲ್ಲಿ ಅವರ ಹಾರ್ಡ್‌ವೇರ್ ಅಂಗಡಿ ಇತ್ತು. ತೋಟಕ್ಕೆ ನೀರು ಹಾಯಿಸುವ ಪೈಪು, ಮೊಳೆ, ಬಣ್ಣ, ಹಗ್ಗ. ಮನೆ ಮಾತ್ರ ಬಾಳೂರಿನ ಕಡೆ, ಟಾರು ರಸ್ತೆಯಿಂದ ಕೆಳಕ್ಕೆ ಇಳಿದು ಹೋದರೆ ಸಿಗುವ ಒಂಟಿ ಮನೆ. ಬೆಳಿಗ್ಗೆ ಬೈಕಿನಲ್ಲಿ ಬರುವುದು, ಸಂಜೆ ಬೈಕಿನಲ್ಲಿ ಹೋಗುವುದು. ಮಕ್ಕಳಿರಲಿಲ್ಲ. ಆ ಜಾಗದಲ್ಲಿ ಬೈಕುಗಳಿದ್ದವು ಅಂತ ಜನ ಆಡಿಕೊಳ್ಳುತ್ತಿದ್ದರು. ಅಕ್ಕನೂ ಒಂದೊಂದು ಸಲ ಅದನ್ನೇ ಹೇಳಿ ಮುಖ ತಿರುಗಿಸುತ್ತಿದ್ದಳು.

ನಮ್ಮ ಕಡೆಯ ಹಳೆಯ ಬಂಗಲೆಗಳ ಜೀಪ್ ಶೆಡ್ಡಿನ ಮೂಲೆಯಲ್ಲಿ ಏನಾದರೊಂದು ಸತ್ತ ಬೈಕು ಬಿದ್ದೇ ಇರುತ್ತದೆ. ತೋಟದ ದೊಡ್ಡವರು ಓಡಿಸಿದ್ದು, ಅವರು ಹೋದ ಮೇಲೆ ಯಾರೂ ಮುಟ್ಟದ್ದು. ಭಾವನಿಗೆ ಅದರ ವಾಸನೆ ಅದೆಲ್ಲಿಂದ ಬಡಿಯುತ್ತಿತ್ತೋ! ಪೈಪಿನ ಆರ್ಡರ್ ಕೇಳಲು ಹೋದವರು ಪೈಪು ಮರೆತು ಶೆಡ್ಡು ಹೊಕ್ಕುಬಿಡುತ್ತಿದ್ದರು. ಆಮೇಲೆ ಬಂಗಲೆಯವರನ್ನು ಕಾಡಿ ಬೇಡಿ ಪಿಕಪ್ಪಿನಲ್ಲಿ ಹೇರಿಕೊಂಡು ಬಂದು, ತಿಂಗಳುಗಟ್ಟಲೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುವುದು. ಹೀಗೆ ತಂದದ್ದರಲ್ಲಿ ಒಂದರ ಟ್ಯಾಂಕಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತಂತೆ, ಸೀಟಿನ ಸ್ಪ್ರಿಂಗಿನ ಒಳಗೆ ಪುಕ್ಕ ತುಂಬಿತ್ತು. ಅದಕ್ಕೆ 'ಕೋಳಿಗೂಡು' ಅಂತ ನಾನೇ ಹೆಸರಿಟ್ಟೆ. ಅಣಕಿಸಲು ಇಟ್ಟ ಹೆಸರು, ಭಾವ ಅದನ್ನೇ ಖಾಯಂ ಮಾಡಿಕೊಂಡರು.

ಆ ಕೋಳಿಗೂಡಿನ ಸೀಟೇ ನಾನು ಹೊಲಿದ ಮೊದಲ ಸೀಟು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದರೊಳಗೆ ರೆಕ್ಸಿನ್ ಸುರುಳಿ ಹಿಡಿದು ನಿಂತಿದ್ದರು. "ಇದು ಬ್ಲೌಸ್ ಹೊಲಿಯೋ ಮಿಷಿನ್ನು ಭಾವ, ಕುದುರೆ ಜೀನು ಹೊಲಿಯೋದಲ್ಲ" ಅಂದೆ. ಕೇಳಿದರೆ ತಾನೆ? ರೆಕ್ಸಿನ್ ಮಿಷಿನ್ನಿನ ಪಾದಕ್ಕೆ ಅಂಟಿಕೊಂಡು ಮುಂದಕ್ಕೇ ಹೋಗಲಿಲ್ಲ. ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೇಲೆ ಉದುರಿಸಿದ ಮೇಲೆ ಜಾರಿತು. ಅಷ್ಟರಲ್ಲಿ ಸೂಜಿ ಟಪ್ಪಂತ ಮುರಿದು ನನ್ನ ಕೆನ್ನೆಯ ಪಕ್ಕದಲ್ಲೇ ಹಾರಿತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವರು ಗಾಬರಿಯಾಗುವುದು ಬಿಟ್ಟು ಹೊಲಿಗೆ ನೋಡುತ್ತಾ, "ಅಲ್ಲ ಮಾರಾಯ್ತಿ, ಏನ್ ಚಂದ ಬಂದಿದೆ ನೋಡು, ಇದನ್ನ ಬಿಟ್ಟು ಲಂಗ ಹೊಲೀತಾ ಕೂತಿದೀಯಲ್ಲ" ಎಂದರು. ಇಂಥ ಮನುಷ್ಯನ ಹತ್ತಿರ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಅವರದ್ದೊಂದು ಪದ್ಧತಿ ಇತ್ತು. ಬೈಕು ತಯಾರಾದ ಮೇಲೆ ಮೊದಲ ಸವಾರಿ ಅದು ಬಂದ ಮನೆಗೇ ಹೋಗಬೇಕು. ಶೆಡ್ಡಿನಿಂದ ಹೆಣದ ಹಾಗೆ ತಂದದ್ದನ್ನು ಅದೇ ಅಂಗಳಕ್ಕೆ ಓಡಿಸಿಕೊಂಡು ಹೋಗಿ ನಿಲ್ಲಿಸಬೇಕು. ಆಮೇಲೇ ಬೇರೆ ಕಡೆ. ಕೋಳಿಗೂಡಿನ ಹಿಂದೆ ಕೂತು ನಾನೂ ಒಮ್ಮೆ ಹೋಗಿದ್ದೆ, ಸೀಟು ಹೊಲಿದವಳ ಹಕ್ಕು ಅಂತ. ಬಂಗಲೆಯ ಅಂಗಳದಲ್ಲಿ ಕಾಫಿ ಹರಡಿತ್ತು. ಗಾಡಿ ಡಬ್ ಡಬ್ ಅನ್ನುತ್ತಾ ಹತ್ತುವಾಗ ಒಳಗಿನಿಂದ ವಯಸ್ಸಾದ ಅಮ್ಮನವರೊಬ್ಬರ ದನಿ ಕೇಳಿಸಿತು. "ಬಂದ್ರಾ?" ಅಂತ. ಆಮೇಲೆ ಗೋಡೆ ಹಿಡಿದು ಹೊರಗೆ ಬಂದರು. ನಮ್ಮನ್ನು ನೋಡಿದರು, ಬೈಕನ್ನು ನೋಡಿದರು, ಕಂಬಕ್ಕೆ ಒರಗಿ ಕೂತರು. ಆ ಬೈಕು ಓಡಿಸುತ್ತಿದ್ದ ಅವರ ಯಜಮಾನರು ಹೋಗಿ ಎಷ್ಟೋ ವರ್ಷವಾಗಿತ್ತಂತೆ. ಕಾಫಿ ಕೊಟ್ಟರು, ಕುಡಿದೆವು.

ಇನ್ನೊಂದು ಚಾಳಿ ಇತ್ತು. ಅದು ಅವರೊಬ್ಬರದ್ದಲ್ಲ, ಈ ಗುಡ್ಡದವರೆಲ್ಲರದ್ದೂ. ಇಳಿಜಾರು ಸಿಕ್ಕಿತೋ, ಎಂಜಿನ್ ಆಫ್ ಮಾಡಿ ಗಾಡಿಯನ್ನು ಹಾಗೇ ಬಿಡುವುದು. ಪೆಟ್ರೋಲು ಉಳಿಯುತ್ತದೆ ಅಂತ ನಮ್ಮ ಹಿರಿಯರ ಕಾಲದಲ್ಲಿ ಶುರುವಾದದ್ದು, ಉಳಿಸಲೇಬೇಕಾದ ಕಷ್ಟ ಹೋದ ಮೇಲೂ ಹೋಗಲಿಲ್ಲ. ಭಾವನಿಗಂತೂ ಅದೊಂದು ಹುಚ್ಚು. ಅವರ ಮನೆಯ ಮೇಲಿನ ತಿರುವಿನಲ್ಲಿ ಕೀ ತಿರುಗಿಸಿದರೆ ಮುಗಿಯಿತು. ಆಮೇಲೆ ಬ್ರೇಕು ಮುಟ್ಟಿದರೆ ಮುಟ್ಟಿದರು ಇಲ್ಲದಿದ್ದರೆ ಇಲ್ಲ, ಗಾಡಿ ಗಾಳಿಯ ಹಾಗೆ ಇಳಿದು, ಅಕ್ಕ ತೆರೆದಿಟ್ಟ ಗೇಟು ದಾಟಿ, ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲಿ ತಾನೇ ನಿಲ್ಲಬೇಕು. ಒಂದು ಮಾರು ಹಿಂದೆ ನಿಂತರೂ ಅವರಿಗೆ ಅವಮಾನ. "ಈ ಇಳಿಜಾರನ್ನ ಕಣ್ಮುಚ್ಕೊಂಡು ಇಳೀತೀನಿ" ಎನ್ನುತ್ತಿದ್ದರು. ನಿಜಕ್ಕೂ ಇಳಿಯುತ್ತಿದ್ದರು.

ಊರಿಗೆಲ್ಲ ಕೇಳಿಸುವ ಗಾಡಿ, ಮನೆಯವಳಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಅಕ್ಕ ಒಲೆಯ ಮುಂದೆ ಇರುತ್ತಿದ್ದಳು, ತಿರುಗಿ ನೋಡಿದರೆ ಭಾವ ಬಾಗಿಲಲ್ಲಿ. ಎಷ್ಟು ಸಲ ಬೆಚ್ಚಿಬಿದ್ದು ಸೌಟು ಎಸೆದಿದ್ದಾಳೋ! "ಕಳ್ಳನ ಹಾಗೆ ಬರ್ತೀರಲ್ರಿ, ಒಂದು ಹಾರನ್ ಆದ್ರೂ ಹೊಡೀಬಾರ್ದಾ?" ಎಂದು ಬೈಯುತ್ತಿದ್ದಳು. ಅವರು ನಕ್ಕು ಕೈ ತೊಳೆಯಲು ಹೋಗುತ್ತಿದ್ದರು. ಪ್ರತಿ ಸಂಜೆಯೂ ಅದೇ ಬೈಗುಳ, ಅದೇ ನಗು. ನೋಡಿದವರಿಗೆ ಜಗಳ ಅನ್ನಿಸಬೇಕು, ನನಗೆ ಗೊತ್ತಿತ್ತು ಅದು ಅವರ ಮನೆಯ ದೀಪ ಹಚ್ಚುವ ಹೊತ್ತಿನ ಮಾತು ಅಂತ.

ಕೆಟ್ಟದ್ದು ಶುರುವಾದದ್ದು ಮೊಣಕಾಲಿನಿಂದ. ಹಳೆಯ ಬೈಕುಗಳಿಗೆ ಬಟನ್ ಇಲ್ಲ, ಕಾಲಿನಲ್ಲೇ ಒದೆಯಬೇಕು. ಅದೂ ಸುಮ್ಮನೆ ಒದೆತ ಅಲ್ಲ. ಕಿಕ್ಕರನ್ನು ಮೆಲ್ಲಗೆ ಒತ್ತಿ, ಅದು ಗಟ್ಟಿಯಾಗುವ ಜಾಗ ಹುಡುಕಿ, ಉಸಿರು ಬಿಗಿಹಿಡಿದು, ಮೈಭಾರವನ್ನೆಲ್ಲ ಒಂದೇ ಸಲ ಬಿಡಬೇಕು. ಒಂದು ಭಾನುವಾರ ಕೋಳಿಗೂಡು ಒದೆತ ತಿಂದು ಸುಮ್ಮನಿರದೆ ತಿರುಗಿ ಒದೆಯಿತು. ಕಿಕ್ಕರ್ ಬಂದು ಬಡಿದ ರಭಸಕ್ಕೆ ಭಾವ ಅಲ್ಲೇ ಕುಸಿದರು. ಮೊಣಕಾಲು ಕುಂಬಳಕಾಯಿಯಾಯಿತು. ಚಿಕ್ಕಮಗಳೂರಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಇನ್ನು ಜನ್ಮದಲ್ಲಿ ಕಿಕ್ ಹೊಡೆಯುವ ಹಾಗಿಲ್ಲ ಎಂದುಬಿಟ್ಟರು.

ಸ್ವಲ್ಪ ದಿನ ಏನೇನೋ ಮಾಡಿ ನೋಡಿದರು. ಮನೆಯಿಂದ ಮೇಲಕ್ಕೆ ಯಾರಾದರೂ ತಳ್ಳಿಕೊಡಬೇಕು, ಇಳಿಜಾರಿನಲ್ಲಿ ಬಿಟ್ಟು ಗೇರ್ ಹಾಕಿ ಸ್ಟಾರ್ಟ್ ಮಾಡಬೇಕು. ಸಂಜೆ ಅಂಗಡಿ ಮುಚ್ಚಿದ ಮೇಲೆ ದಾರಿಯಲ್ಲಿ ಹೋಗುವವರನ್ನು ಕರೆದು, "ಒಂದು ಕಿಕ್ ಹೊಡೀತೀಯೇನಪ್ಪ" ಎಂದು ಕೇಳುವುದು. ಹೊಡೆಯಲು ಬರದ ಮಂದಿ ಅಡ್ಡಾದಿಡ್ಡಿ ಒದ್ದು, ಬೆವರು ಒರೆಸಿಕೊಂಡು, "ಗುಜರಿಗೆ ಹಾಕಿ ಸಾರ್" ಅಂತ ನಗುತ್ತಾ ಹೋಗುತ್ತಿದ್ದರು. ನನ್ನ ಅಂಗಡಿಯ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ನಾನು ನೋಡಿದೆನೆಂದು ಅವರಿಗೆ ಗೊತ್ತಾಗಬಾರದು ಅಂತ ತಲೆ ತಗ್ಗಿಸಿ ಮಿಷಿನ್ ತುಳಿಯುತ್ತಿದ್ದೆ.

ಆಮೇಲೆ ಕೇಳುವುದನ್ನೂ ಬಿಟ್ಟರು. ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗತೊಡಗಿದರು. ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕೂತ ಭಾವನನ್ನು ಒಮ್ಮೆ ನೋಡಿ ನನಗೆ ಗುರುತೇ ಸಿಗಲಿಲ್ಲ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಗಿರಾಕಿ ಅರ್ಧ ಇಂಚಿನ ಪೈಪು ಕೇಳಿದರೆ ಒಂದಿಂಚಿನದ್ದು ಕೊಡುವರು. ಸಂಜೆ ಬಾಳೂರಿನ ಮನೆಯಲ್ಲಿ ಬೈಕುಗಳ ಮೇಲಿನ ಟಾರ್ಪಾಲು ಸರಿಸಿ ನೋಡಿ, ಮತ್ತೆ ಮುಚ್ಚಿ ಬರುವುದು. ಒಂದು ಭಾನುವಾರ ಅಕ್ಕ ನನ್ನ ಕೈ ಹಿಡಿದುಕೊಂಡು, "ಇವ್ರು ಹೀಗೇ ಕೂತ್ರೆ ನಂಗೆ ಉಳಿಯಲ್ಲ ಕಣೇ" ಎಂದು ಅತ್ತಳು. ಪೆಟ್ರೋಲ್ ವಾಸನೆ ಬರುತ್ತದೆಂದು ವರ್ಷಗಟ್ಟಲೆ ಜಗಳವಾಡಿದವಳು, ಆ ವಾಸನೆ ಬರುತ್ತಿಲ್ಲ ಅಂತ ಅಳುತ್ತಿದ್ದಳು.

ಹೊಸ ಗಾಡಿಯ ಮಾತು ತೆಗೆದವಳು ಅವಳೇ. ಬಟನ್ ಒತ್ತಿದರೆ ಹೊರಡುವಂಥದ್ದು, ಸೀಟು ತಗ್ಗಿರುವಂಥದ್ದು, ಕಾಲು ಮುಂದಕ್ಕೆ ಚಾಚಿ ಕೂರುವಂಥದ್ದು. ಚಿಕ್ಕಮಗಳೂರಿನ ಶೋರೂಮಿಗೆ ಅವರನ್ನು ಎಳೆದುಕೊಂಡು ಹೋದಳು, ನಾನೂ ಜೊತೆಗಿದ್ದೆ. ಭಾವ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹೆಣ್ಣು ಒಪ್ಪಿಗೆಯಾಗದ ಗಂಡಿನ ಕಡೆಯವರ ಹಾಗೆ ಮುಖ ಮಾಡಿ, "ಇದು ಬೈಕಲ್ಲ, ಸೋಫಾ" ಎಂದರು. "ಸೋಫಾನೇ ಆಗ್ಲಿ, ಕೂತ್ಕೊಳ್ಳಿ" ಎಂದಳು ಅಕ್ಕ. ಕೂತರು. ಬಟನ್ ಒತ್ತಿದರು. ಗುರ್ ಅನ್ನಲಿಲ್ಲ, ಕೆಮ್ಮಲಿಲ್ಲ, ತಣ್ಣಗೆ ಒಂದು ಸದ್ದು ಎದ್ದಿತು. ನೋವಿರುವ ಕಾಲು ತಾನೇ ತಾನಾಗಿ ಮುಂದಿನ ಫುಟ್‌ರೆಸ್ಟಿನ ಮೇಲೆ ಹೋಗಿ ಕೂತಿತು. ಅವರ ಮುಖ ನೋಡಬೇಕಿತ್ತು ನೀವು. ನಾಚಿಕೆ, ಆಸೆ, ಎರಡೂ.

ಹಳೆಯ ಬೈಕುಗಳೆಲ್ಲ ಹೋದವು. ಒದೆಯಲು ಕಾಲಿಲ್ಲದ ಮೇಲೆ ಇಟ್ಟುಕೊಂಡು ನೋಡುವುದು ಬೇಡ ಅಂತ ಅವರೇ ತೀರ್ಮಾನಿಸಿದರು. ಕೋಳಿಗೂಡನ್ನು ಹೋಂಸ್ಟೇಯವರೊಬ್ಬರು ಒಯ್ದರು. ಓಡಿಸುತ್ತಾರೆಂದು ನಂಬಿ ಕೊಟ್ಟದ್ದು. ಆಮೇಲೆ ನೋಡಿದರೆ ಬಾಗಿಲ ಪಕ್ಕ ನಿಲ್ಲಿಸಿ, ನಾನು ಹೊಲಿದ ಸೀಟಿನ ಮೇಲೆ ಹೂವಿನ ಕುಂಡ ಇಟ್ಟಿದ್ದರು. ಬಂದ ಪ್ರವಾಸಿಗಳು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಭಾವನಿಗೆ ನಾನು ಅದನ್ನು ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ, ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದರು.

ಆದರೂ ಆ ಕೆಲವು ತಿಂಗಳು ಚೆನ್ನಾಗಿದ್ದವು, ಸುಳ್ಳು ಹೇಳಬಾರದು. ಹಳೆಯ ಗಾಡಿಯ ಹಿಂದೆ ಕೂತರೆ ಸೊಂಟ ಕಳಚುತ್ತದೆಂದು ಎಂದೂ ಹತ್ತದ ಅಕ್ಕ ಈ ಸೋಫಾದ ಹಿಂದೆ ಕೂತು ಕಳಸಕ್ಕೆ ಹೋಗಿ ಬಂದಳು. ಬಂದವಳು ನನ್ನ ಅಂಗಡಿಯ ಮುಂದೆ ಇಳಿದು, ಹೊಸ ಮದುವಣಗಿತ್ತಿಯ ಹಾಗೆ ಸೆರಗು ಸರಿಮಾಡಿಕೊಂಡಳು. ಮಳೆಗೆ ಸೀಟು ಜಾರುತ್ತದೆಂದು ಭಾವ ಮತ್ತೆ ರೆಕ್ಸಿನ್ ಸುರುಳಿ ಹಿಡಿದು ಬಂದರು. "ಸೋಫಾಕ್ಕೆ ಕವರ್ ಹೊಲಿಯೋದು ಟೈಲರ್ ಕೆಲ್ಸ ತಾನೆ, ಈಗ ಬೈಯೋ ಹಾಗಿಲ್ಲ" ಎಂದರು. ಪೌಡರ್ ಉದುರಿಸಿ ಹೊಲಿದುಕೊಟ್ಟೆ. ಸೂಜಿ ಆ ಸಲವೂ ಮುರಿಯಿತು. ಭಾವನಿಗೆ ನಾನು ಹೊಲಿದ ಕೊನೆಯ ಸೀಟು ಅದು.

ಗಾಡಿ ಬದಲಾಯಿತು, ಚಾಳಿ ಬದಲಾಗಲಿಲ್ಲ. ಮನೆಯ ಮೇಲಿನ ತಿರುವಿನಲ್ಲಿ ಕೀ ತಿರುಗಿಸುವುದು, ಸದ್ದಿಲ್ಲದೆ ಇಳಿಯುವುದು. ಹಳೆಯ ಬೈಕಿನಲ್ಲಿ ಲೈಟಿನ ಸ್ವಿಚ್ಚೇ ಬೇರೆ, ಎಂಜಿನ್ ನಿಂತರೂ ಲೈಟು ಉರಿಯುತ್ತಿತ್ತು. ಇದರಲ್ಲಿ ಕೀ ತಿರುಗಿಸಿದರೆ ಲೈಟೂ ಹೋಗುತ್ತದೆ. ಅದು ಅವರಿಗೆ ಗೊತ್ತಿತ್ತು. "ಸೋಫಾ ಕುರುಡಾಗತ್ತೆ, ನಂಗೆ ಕಣ್ಣಿಲ್ವಾ" ಎಂದು ತಮಾಷೆ ಮಾಡಿದ್ದರು. ಗೊತ್ತಿಲ್ಲದಿದ್ದದ್ದು ಇನ್ನೊಂದು. ಈ ಗಾಡಿಯ ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಎಬಿಎಸ್ ಅಂತ ಒಂದಿರುತ್ತದಂತೆ, ಕೀ ಆಫ್ ಆದರೆ ಅದೂ ಸತ್ತ ಹಾಗೆ. ಶೋರೂಮಿನ ಮೆಕ್ಯಾನಿಕ್ ಇದನ್ನು ನಮಗೆ ವಿವರಿಸಿ ಹೇಳಿದ. ಯಾವಾಗ? ಎಲ್ಲ ಮುಗಿದ ಮೇಲೆ.

ಮಳೆಗಾಲ ಹಿಂದೆಗೆಯುವ ದಿನಗಳು. ಇನ್ನೂ ಕತ್ತಲಾಗಿರಲಿಲ್ಲ, ಮಂಜು ಇಳಿದಿತ್ತು. ಭಾವ ನನ್ನ ಅಂಗಡಿಯ ಮುಂದೆ ನಿಲ್ಲಿಸಿ, ಅಕ್ಕನ ಬ್ಲೌಸ್ ಆಯಿತಾ ಎಂದು ಕೇಳಿ, ಪೊಟ್ಟಣ ಜಾಕೆಟ್ಟಿನೊಳಗೆ ಹಾಕಿಕೊಂಡು ಹೊರಟರು. ಮನೆಯ ಮೇಲಿನ ತಿರುವಿಗೆ ಬಂದಿದ್ದಾರೆ, ಕೀ ತಿರುಗಿಸಿದ್ದಾರೆ. ಅದೇ ದಾರಿಯಲ್ಲಿ ಇನ್ನೂ ಕೆಳಗೆ ಆಳುಗಳನ್ನು ಅವರವರ ಮನೆಗೆ ಬಿಟ್ಟು ಬರುತ್ತಿದ್ದ ಜೀಪು ಮೇಲಕ್ಕೆ ಹತ್ತುತ್ತಿತ್ತು. ಲೈಟಿಲ್ಲದ, ಸದ್ದಿಲ್ಲದ ಗಾಡಿ ಮಂಜಿನೊಳಗಿನಿಂದ ಎದುರಿಗೆ ಬಂದರೆ ಯಾರಿಗೆ ಕಾಣಬೇಕು? ಭಾವ ಬ್ರೇಕು ಹಿಡಿದಿದ್ದಾರೆ. ಒದ್ದೆ ಎಲೆಗಳ ಮೇಲೆ ಚಕ್ರ ಕಚ್ಚಿಕೊಂಡು ಜಾರಿದೆ. ಭಾರದ ಗಾಡಿ, ಹಳೆಯದರ ಹಾಗೆ ಕಾಲು ಊರಿ ತಡೆಯುವಂಥದ್ದಲ್ಲ. ಅದೂ ಆ ಕಾಲು...

ಜೀಪಿನ ಡ್ರೈವರ್ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕಾಲ ಹತ್ತಿರ ಕುಸಿದು ಕೂತು ಒಂದೇ ಮಾತು ಹೇಳುತ್ತಿದ್ದ, "ಸದ್ದೇ ಇರ್ಲಿಲ್ಲಮ್ಮ... ಸದ್ದೇ ಇರ್ಲಿಲ್ಲ" ಅಂತ. ಅವನನ್ನು ಬೈದು ಏನು ಮಾಡುವುದು? ಬೈಯಬೇಕಾದವರು ಒಳಗೆ ಬಿಳಿ ಬಟ್ಟೆಯಡಿ ಮಲಗಿದ್ದರು. ಗಾಡಿಯ ಕೀ ಆಫ್ ಆಗಿತ್ತೆಂದು ಪೊಲೀಸರು ಹೇಳಿದಾಗ ಅವರಿಗೆ ಅದು ವಿಚಿತ್ರ, ನಮಗಲ್ಲ. ಆ ತಿರುವಿನಲ್ಲಿ ಅದು ಯಾವತ್ತೂ ಆಫ್ ಆಗಿಯೇ ಇರುತ್ತಿತ್ತು. ಪೊಟ್ಟಣದೊಳಗಿನ ಬ್ಲೌಸಿಗೆ ಒಂದು ಕಲೆಯೂ ಆಗಿರಲಿಲ್ಲ. ಅಕ್ಕ ಅದನ್ನು ಇವತ್ತಿಗೂ ಹಾಕಿಲ್ಲ.

ಅಲ್ಲಿಂದೀಚೆಗೆ ನನಗೆ ದೇವರ ಮೇಲೂ ಸಿಟ್ಟು, ಭಾವನ ಮೇಲೂ ಸಿಟ್ಟು. ಕಾಲು ಹೋಯಿತೆಂದು ಬದುಕೇ ಹೋದ ಹಾಗೆ ಕೂತಿದ್ದ ಮನುಷ್ಯನನ್ನು ಅಕ್ಕ ಕೈ ಹಿಡಿದು ಎಬ್ಬಿಸಿದಳು. ಎದ್ದರು, ನಕ್ಕರು, ಅಷ್ಟರಲ್ಲಿ ಹೋಗಿಬಿಟ್ಟರು. ಹಳೆಯ ಗಾಡಿಯಲ್ಲೇ ಇದ್ದಿದ್ದರೆ ಬದುಕುತ್ತಿದ್ದರು ಅನ್ನೋಣವೆಂದರೆ, ಹಳೆಯದನ್ನು ಓಡಿಸಲು ಅವರಿಗೆ ಕಾಲಿರಲಿಲ್ಲ. ಬಸ್ಸಿನಲ್ಲೇ ಓಡಾಡಿಕೊಂಡಿದ್ದರೆ ಬದುಕುತ್ತಿದ್ದರು ಅನ್ನೋಣವೆಂದರೆ, ಆ ಕಿಟಕಿಗೆ ಒರಗಿದ ಮುಖವನ್ನು ನಾನು ನೋಡಿದ್ದೇನೆ. ಹೀಗೆ ತಿರುಗಿಸಿ ನೋಡಿದರೂ ಇಲ್ಲ, ಹಾಗೆ ತಿರುಗಿಸಿ ನೋಡಿದರೂ ಇಲ್ಲ. ಎಲ್ಲೂ ದಾರಿ ಕಾಣುವುದಿಲ್ಲ.

ಆ ರೈಟರಿಗೆ ಸೀಟು ಹೊಲಿದುಕೊಟ್ಟೆ, ಇಲ್ಲ ಅನ್ನಲು ಆಗಲಿಲ್ಲ. ಸೂಜಿ ಮುರಿಯಲಿಲ್ಲ, ಈಗ ಗಟ್ಟಿ ಸೂಜಿ ಬಂದಿದೆ. ಶನಿವಾರ ಸೀಟಿನ ಜಾಗಕ್ಕೆ ಗೋಣಿಚೀಲ ಹಾಸಿಕೊಂಡು ಗಾಡಿಯಲ್ಲೇ ಬಂದು ಅಂಗಡಿಯ ಮುಂದೆಯೇ ಸೀಟು ಕೂರಿಸಿಕೊಂಡ. ಅದೂ ಸೋಫಾದಂಥದ್ದೇ, ಕಪ್ಪು. "ಇಳಿಜಾರಲ್ಲಿ ಕೀ ಆಫ್ ಮಾಡ್ಬೇಡ ಮಾರಾಯ" ಎಂದೆ. ಯಾಕೆಂದು ಕೇಳಿದ. ಎಲ್ಲ ಹೇಳಿದೆ, ಬ್ರೇಕಿನ ವಿಷಯ, ಲೈಟಿನ ವಿಷಯ, ನನ್ನ ಭಾವನ ವಿಷಯ. ಪಾಪ, ಶ್ರದ್ಧೆಯಿಂದ ಕೇಳಿಸಿಕೊಂಡ. "ಆಯ್ತಕ್ಕ, ಖಂಡಿತ" ಎಂದು ಹೆಲ್ಮೆಟ್ ಹಾಕಿಕೊಂಡ. ನಮ್ಮ ಬೀದಿ ಮುಗಿದು ಇಳಿಜಾರು ಶುರುವಾಗುವಲ್ಲಿಗೆ ಅವನ ಗಾಡಿಯ ಸದ್ದು ಹೋಯಿತು. ಅಲ್ಲಿ ನಿಂತಿತು. ನಾನು ಬಾಗಿಲಿಗೆ ಓಡಿ ಬಂದು ನೋಡುವಾಗ, ಆತ ಸದ್ದಿಲ್ಲದೆ ಕೆಳಗೆ ಜಾರಿಕೊಂಡು ಹೋಗುತ್ತಿದ್ದ. ಕೈಯ ಚಾಳಿ ತಲೆಯ ಮಾತು ಕೇಳುವುದಿಲ್ಲ.

ಆವತ್ತು ಅಂಗಡಿ ಬೇಗ ಮುಚ್ಚಿ ಬಾಳೂರಿನ ಬಸ್ಸು ಹತ್ತಿದೆ. ಶನಿವಾರ ರಾತ್ರಿ ಅಕ್ಕನ ಜೊತೆ ಇರುವುದು ನನ್ನ ರೂಢಿ. ಬಸ್ಸಿಳಿದು ಆ ತಿರುವಿನಿಂದಲೇ ನಡೆದು ಇಳಿಯಬೇಕು. ಗೇಟು ಎಂದಿನಂತೆ ಹಾರುಹೊಡೆದಿತ್ತು. ಅಕ್ಕ ಒಲೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ನಾನು ಮೆಲ್ಲಗೆ ಹೋಗಿ ಹೊಸ್ತಿಲಲ್ಲಿ ನಿಂತಿದ್ದೇ ತಡ, ಗರಕ್ಕನೆ ತಿರುಗಿದಳು. ನನ್ನನ್ನು ನೋಡಿ ಅವಳ ಮುಖ ಇಳಿದುಹೋಯಿತು. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

ನನಗೆ ತಡೆಯಲಾಗಲಿಲ್ಲ. ಎಷ್ಟು ದಿನ ಅಂತ ಸುಮ್ಮನಿರುವುದು? "ಅಕ್ಕ, ಗೇಟು ಹಾಕ್ಕೋ ಇನ್ನು. ಹಂದಿ ನುಗ್ಗುತ್ತೆ. ಅವ್ರು ಬರಲ್ಲ ಕಣೇ. ಬಂದ್ರೆ ಸದ್ದಾದ್ರೂ ಕೇಳ್ಬೇಕಲ್ಲ" ಎಂದೆ.

ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ತಿಳಿಯದವಳಿಗೆ ಹೇಳುವ ಹಾಗೆ ನನ್ನ ಕಡೆ ನೋಡಿದಳು. "ಅವ್ರು ಬರೋವಾಗ ಸದ್ದು ಯಾವತ್ತು ಕೇಳ್ತಿತ್ತೇ?" ಎಂದಳು.

ಗೇಟು ಹಾಕಲು ತಿರುಗಿದವಳು ಅಲ್ಲೇ ಕೂತೆ. ಹೊರಗೆ ಮಂಜು ಇಳಿಯುತ್ತಿತ್ತು. ಅಕ್ಕ ತಟ್ಟೆ ಇಟ್ಟಳು, ಬಡಿಸಲಿಲ್ಲ. ಇಬ್ಬರೂ ಇಳಿಜಾರಿನ ಕಡೆ ಕಿವಿಗೊಟ್ಟು ಕೂತಿದ್ದೆವು. ಏನೂ ಕೇಳಿಸುತ್ತಿರಲಿಲ್ಲ.